ಖಾಲಿ ತೊಟ್ಟಿಲಿನತ್ತ ಬೆರಳು ತೋರುವ ಯುವರಾಜ

ಪರದೆಯ ಮೇಲೆ ಕಾಣುತ್ತಿರುವ ಈ ಚಿತ್ರ ವರ್ಸೇಲ್ಸ್ ಅರಮನೆಯಲ್ಲಿದೆ. ಸುಮಾರು ಒಂಬತ್ತು ಅಡಿ ಎತ್ತರ. ಬರೆದದ್ದು 1787ರಲ್ಲಿ, ಎಲಿಸಬೆತ್ ವಿಜೆ ಲ ಬ್ರನ್ ಎಂಬ ಚಿತ್ರಗಾರ್ತಿ. ಕೆಂಪು ಮಖಮಲ್ಲಿನ ಉಡುಪಿನಲ್ಲಿ ಕುಳಿತ ಮಾರಿ ಆಂತ್ವಾನೆತ್ ರಾಣಿಯನ್ನು ನೋಡಿ ಮುಂದೆ ಹೋಗಿಬಿಡುವವರೇ ಹೆಚ್ಚು. ನೀವು ದಯವಿಟ್ಟು ಬಲಗಡೆಯ ಹುಡುಗನನ್ನು ನೋಡಿ. ಫ್ರಾನ್ಸಿನ ಯುವರಾಜ ಲೂಯಿ ಜೋಸೆಫ್. ಆರು ವರ್ಷ ಇನ್ನೂ ತುಂಬಿಲ್ಲ, ಆಗಲೇ ಎದೆಯ ಮೇಲೆ ರಾಜಮನೆತನದ ನೀಲಿ ಪಟ್ಟಿ.

ಪಟ್ಟದ ಮಕ್ಕಳನ್ನು ಚಿತ್ರಿಸುವಾಗ ಕೈಗೊಂದು ಪುಟ್ಟ ಕತ್ತಿಯನ್ನೋ ಪಕ್ಕಕ್ಕೊಂದು ಕುದುರೆಯನ್ನೋ ಕೊಡುವುದು ವಾಡಿಕೆ. ಇವನ ಪಕ್ಕದಲ್ಲಿರುವುದು ತೊಟ್ಟಿಲು. ಅದರತ್ತ ಬೆರಳು ತೋರುತ್ತಿದ್ದಾನೆ. ಒಳಗೆ ಯಾರೂ ಇಲ್ಲ. ತಂಗಿ ಸೋಫಿ ಹನ್ನೊಂದು ತಿಂಗಳ ಕೂಸಾಗಿ ಆ ಜೂನ್‌ನಲ್ಲಷ್ಟೇ ತೀರಿಕೊಂಡಿದ್ದಳು.

ರಾಣಿಯ ಹೆಸರು ಹೇಳಿ ವಂಚಕರು ವಜ್ರದ ಹಾರವೊಂದನ್ನು ಲಪಟಾಯಿಸಿದ್ದರು. ಆ ಹಗರಣದಲ್ಲಿ ರಾಣಿಯ ತಪ್ಪಿರಲಿಲ್ಲ, ಆದರೆ ಊರ ಬಾಯಿ ಕೇಳಬೇಕಲ್ಲ! ಹೋದ ಮಾನವನ್ನು ತಾಯ್ತನ ತೋರಿಸಿ ಮರಳಿ ತರುವುದು ಈ ಚಿತ್ರದ ಉದ್ದೇಶ. ಅದಕ್ಕೇ ಒಡವೆಯ ಬೀರು ಹಿಂದೆ ಕತ್ತಲಲ್ಲಿದೆ, ಮಕ್ಕಳು ಬೆಳಕಿನಲ್ಲಿದ್ದಾರೆ. ರಾಣಿಯ ಪರ ವಕಾಲತ್ತು ವಹಿಸಿದವನು ಈ ಹುಡುಗನೇ ಎನ್ನುವುದು ನನ್ನ ಅಭಿಪ್ರಾಯ. ಅವನ ಬೆರಳನ್ನು ತೆಗೆದುಬಿಡಿ, ಉಳಿಯುವುದು ಶ್ರೀಮಂತ ಮನೆಯ ಗುಂಪುಚಿತ್ರ.

ವಾದವೇನೋ ಗೆಲ್ಲಲಿಲ್ಲ. ಜನರ ಸಿಟ್ಟಿಗೆ ಹೆದರಿ ಪ್ರದರ್ಶನಕ್ಕೆ ಚಿತ್ರ ಕಳಿಸುವುದು ತಡವಾಯಿತು. ಖಜಾನೆ ಬರಿದಾಗಲು ರಾಣಿಯ ದುಂದೇ ಕಾರಣ ಎಂದು ಜನ ದೂರುತ್ತಿದ್ದ ಕಾಲ; ಅಲ್ಲಿ ಬರೀ ಚೌಕಟ್ಟನ್ನು ಕಂಡವರು ‘ಇಗೋ ನೋಡಿ, ಖಜಾನೆಯ ಖೋತಾ’ ಎಂದು ಗೇಲಿ ಮಾಡಿದರಂತೆ. ಯುವರಾಜನ ಬೆನ್ನುಮೂಳೆಗೆ ಕ್ಷಯ ಹಿಡಿಯಿತು. 1789ರ ಜೂನ್ 4ರಂದು, ಏಳನೆಯ ವಯಸ್ಸಿನಲ್ಲಿ, ಹೋಗಿಬಿಟ್ಟ. ಮುಂದಿನ ತಿಂಗಳೇ ಬಾಸ್ಟಿಲ್ ಕೋಟೆ ಜನರ ಕೈಗೆ ಬಿತ್ತು, ಕ್ರಾಂತಿ ಭುಗಿಲೆದ್ದಿತು. ಮಗನನ್ನು ನೋಡಲಾರದೆ ರಾಣಿ ಚಿತ್ರವನ್ನು ಗೋಡೆಯಿಂದ ಇಳಿಸಿದ್ದಳು. ಅದರಿಂದಲೇ ಅದು ದೊಂಬಿಯ ಕೈಗೆ ಸಿಗದೆ ಉಳಿಯಿತು ಎಂದು ಕಲಾವಿದೆ ಬರೆದುಕೊಂಡಿದ್ದಾಳೆ. ತಾಯಿಯ ಮಡಿಲಲ್ಲಿರುವ ತಮ್ಮ ಲೂಯಿ ಶಾರ್ಲ್ ಯುವರಾಜನಾದ. ಹತ್ತು ವರ್ಷದವನಾಗಿ 1795ರಲ್ಲಿ ಸೆರೆಯಲ್ಲೇ ಸತ್ತ.

ಈ ಚಿತ್ರಕ್ಕೆ ಬಣ್ಣ ಹಾಕಿದ ಕೈಯೇ ಮರುವರ್ಷ ನಮ್ಮ ಕಡೆಯವನೊಬ್ಬನನ್ನೂ ಚಿತ್ರಿಸಿತು. ಇಂಗ್ಲಿಷರ ವಿರುದ್ಧ ನೆರವು ಕೇಳಲು ಟಿಪ್ಪು ಸುಲ್ತಾನ ಪ್ಯಾರಿಸಿಗೆ ಕಳಿಸಿದ್ದ ರಾಯಭಾರಿ ಮಹಮ್ಮದ್ ದರ್ವೇಶ್ ಖಾನ್. ಮುಂದಿನ ಚಿತ್ರ ಹಾಕಿ, ಅವನನ್ನು ನೋಡೋಣ.