ಬಾಟಲಿಗೆ ಮೂರು ತೂತು

(ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯ ರಕ್ಷಕರ ಸಭೆಯಲ್ಲಿ ಆಡಿದ ಮಾತು)

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿರುವವನು. ಇವನಿಗೆಂಥ ವಿಜ್ಞಾನ ಅಂತ ನಿಮಗೆ ಅನಿಸಬಹುದು. ಇಲ್ಲೇ ಓದುವ ಅಕ್ಕನ ಮಗಳು ಮನೆಗೆ ತಂದ ಒಂದು ಸಂಶಯ ನನ್ನನ್ನು ಇಲ್ಲಿ ನಿಲ್ಲಿಸಿದೆ.

ಪಾಠ ಇಷ್ಟೆ: ಆಳ ಹೆಚ್ಚಿದ ಹಾಗೆ ನೀರಿನ ಒತ್ತಡ ಹೆಚ್ಚುತ್ತದೆ. ಕೆಳಗಿನ ನೀರು ಮೇಲಿನ ನೀರಿನ ಭಾರವನ್ನೆಲ್ಲ ಹೊರಬೇಕಲ್ಲ. ಒಂದು ಮೀಟರ್ ಇಳಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ಗ್ರಾಂ ಭಾರ ಜಾಸ್ತಿ, 10 ಮೀಟರಿಗೆ ಒಂದು ಕಿಲೋ. ಕೆರೆಯಲ್ಲಿ ಮುಳುಗಿ ಆಳಕ್ಕೆ ಹೋದವರಿಗೆ ಕಿವಿ ನೋಯುವುದು ಗೊತ್ತುಂಟು. ಗುಡ್ಡೆಯ ಸುರಂಗದ ನೀರನ್ನು ಟಾಂಕಿಯಲ್ಲಿ ನಿಲ್ಲಿಸಿ ಪೈಪಿನಲ್ಲಿ ಕೆಳಗಿನ ಅಡಿಕೆ ತೋಟಕ್ಕೆ ಬಿಟ್ಟರೆ ಪಂಪಿಲ್ಲದೆ ಸ್ಪ್ರಿಂಕ್ಲರ್ ತಿರುಗುವುದೂ ಇದರಿಂದಲೇ. ಟಾಂಕಿ ಅಗಲ ಮಾಡಿದರೆ ನೀರು ಹೆಚ್ಚು ಹೊತ್ತು ಬರ್ತದೆ, ಅಷ್ಟೆ. ಜೋರು ಹೆಚ್ಚಬೇಕಾದರೆ ಟಾಂಕಿಯನ್ನೇ ಇನ್ನೂ ಮೇಲೆ ಕಟ್ಟಬೇಕು.

ಇದನ್ನು ಕಲಿಸಿದ್ದು ಕನ್ನಡ ಬಾರದ ಟೀಚರ್. ಅವರು "ಮರ್ದಂ, ಮರ್ದಂ" ಅಂದರಂತೆ. ಮಲಯಾಳದಲ್ಲಿ ಅದು ಒತ್ತಡ. ನಮ್ಮ ಮಕ್ಕಳಿಗೆ ಗೊತ್ತಿರುವುದು ಯಕ್ಷಗಾನದ ಕಾಳಿಂಗ ಮರ್ದನ! (ಅದೂ ನೀರಿನಲ್ಲೇ ಆದದ್ದು ಬಿಡಿ.) ಟೀಚರನ್ನು ದೂರುವುದಿಲ್ಲ, ಪಾಪ, ಭಾಷೆ ಬಾರದವರನ್ನು ಕನ್ನಡ ಕ್ಲಾಸಿಗೆ ಹಾಕಿದವರದ್ದು ತಪ್ಪು.

ಹುಡುಗಿ ಮನೆಯಲ್ಲಿ ಪ್ರಯೋಗ ಮಾಡಿದಳು. ದೊಡ್ಡ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಒಂದೊಂದು ತೂತು ಕೊರೆದು ನೀರು ತುಂಬಿಸಿ ಜಗಲಿಯ ನೆಲದಲ್ಲಿ ಇಟ್ಟಳು. ಚಿತ್ರದಲ್ಲಿ ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ದೂರ ಹಾರುತ್ತದೆ. ಇಲ್ಲಿ ದೂರ ಹೋದದ್ದು ನಡುವಿನದ್ದು. "ಮಾವಾ, ಪುಸ್ತಕ ತಪ್ಪಾ, ನಮ್ಮ ಬಾಟಲಿ ತಪ್ಪಾ?" ಅಂತ ಕೇಳಿದಳು. "ಟೀಚರ್ ಹತ್ರ ಕೇಳಿದ್ಯಾ?" ಅಂದೆ. "ಹೇಗೆ ಕೇಳುವುದು? ಅಷ್ಟುದ್ದ ಮಲಯಾಳ ನನಗೆ ಬರುವುದಿಲ್ಲ" ಅಂದಳು.

ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಬಾಟಲಿಯೂ ತಪ್ಪಲ್ಲ, ಒತ್ತಡದ ನಿಯಮವೂ ತಪ್ಪಲ್ಲ. ಕೆಳಗಿನ ತೂತಿನ ನೀರು ಜೋರಾಗಿಯೇ ಹೊರಡ್ತದೆ, ಆದರೆ ನೆಲ ಹತ್ತಿರವೇ ಇರುವುದರಿಂದ ದೂರ ಹೋಗುವ ಮೊದಲೇ ಬಿದ್ದುಬಿಡ್ತದೆ. ಬಾಟಲಿಯಲ್ಲಿ 30 ಸೆಂ.ಮೀ. ನೀರಿದ್ದು, ತೂತುಗಳು ನೆಲದಿಂದ 5, 15, 25 ಸೆಂ.ಮೀ. ಎತ್ತರದಲ್ಲಿವೆ ಅಂತಿಟ್ಟುಕೊಳ್ಳಿ. ಲೆಕ್ಕದ ಪ್ರಕಾರ ನಡುವಿನ ನೀರು 30 ಸೆಂ.ಮೀ. ದೂರ ಬೀಳ್ತದೆ. ಮೇಲಿನದ್ದು, ಕೆಳಗಿನದ್ದು ಎರಡೂ ಒಂದೇ ಜಾಗದಲ್ಲಿ, ಸುಮಾರು 22ರಲ್ಲಿ. ಅದೇ ಬಾಟಲಿಯನ್ನು ಮೇಜಿನ ಅಂಚಿನಲ್ಲಿ ಇಟ್ಟು ನೀರನ್ನು ನೆಲಕ್ಕೆ ಬೀಳಲಿಕ್ಕೆ ಬಿಡಿ, ಕೆಳಗಿನದ್ದೇ ಗೆಲ್ಲುತ್ತದೆ. ಇದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಅವಳಿಗೆ ಕೇಳಲಿಕ್ಕೆ ಮನೆಯಲ್ಲಿ ಒಬ್ಬ ಮಾವ ಇದ್ದ. ಎರಡು ದಿನ ಕೂತು ಹುಡುಕಲಿಕ್ಕೆ ಅವನಿಗೆ ಪುರುಸೊತ್ತೂ ಇತ್ತು. ಉಳಿದ ಮಕ್ಕಳು ಚಿತ್ರ ನೋಡಿ ಬಾಯಿಪಾಠ ಮಾಡಿ ಪರೀಕ್ಷೆ ಬರೀತಾರೆ. ಮಾರ್ಕು ಸಿಗಲೂಬಹುದು.

ಕನ್ನಡ ಬಲ್ಲ ವಿಜ್ಞಾನ ಅಧ್ಯಾಪಕರನ್ನು ಕೊಡಿ ಅಂತ ಬರೆದ ಅರ್ಜಿ ಆ ಮೇಜಿನ ಮೇಲೆ ಉಂಟು, ಓದಿ ನೋಡಿ ಸಹಿ ಹಾಕಿ. ಬಾಟಲಿಯನ್ನೂ ತಂದಿದ್ದೇನೆ. ಸಭೆ ಮುಗಿದ ಮೇಲೆ ಮಕ್ಕಳನ್ನು ಕರ್ಕೊಂಡು ಅಂಗಳಕ್ಕೆ ಬನ್ನಿ, ಒಂದು ಕೊಡ ನೀರು ಬೇಕಾಗ್ತದೆ.