ಮೊಳೆ ಗಟ್ಟಿಯಾದರೆ ಸಾಲದು



2022ರ ಆಗಸ್ಟ್ 15ರ ಬೆಳಿಗ್ಗೆ ನಾರ್ವೆ ದೇಶದ ಟ್ರೆಟ್ಟೆನ್ ಎಂಬಲ್ಲಿ ಮರದ ಸೇತುವೆಯೊಂದು ನದಿಗೆ ಕುಸಿಯಿತು. ಆಗ ಅದರ ಮೇಲೆ ಒಂದು ಲಾರಿ, ಒಂದು ಕಾರು ಇದ್ದವು. ಇಬ್ಬರು ಚಾಲಕರೂ ಬದುಕಿದ್ದು ಪುಣ್ಯ. ಸೇತುವೆ ಹಳೆಯದೇನಲ್ಲ, ಸಂಚಾರಕ್ಕೆ ತೆರೆದದ್ದು 2012ರಲ್ಲಿ. ನೂರು ವರ್ಷ ಬಾಳಬೇಕಿದ್ದದ್ದು ಹತ್ತೇ ವರ್ಷಕ್ಕೆ ನೆಲಕಚ್ಚಿತು. ಸೋತದ್ದು ತೊಲೆಯ ನಡುಭಾಗವಲ್ಲ, ಮರ ಮತ್ತು ಉಕ್ಕು ಕೂಡುವ ಸಂದು.

ಉಕ್ಕು ಮರಕ್ಕಿಂತ ಗಟ್ಟಿ. ಹಾಗಿದ್ದ ಮೇಲೆ ದಪ್ಪ ಬೋಲ್ಟ್ ಹಾಕಿದರೆ ಸಂದು ಭದ್ರ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ ಮಾತ್ರ.

1949ರಲ್ಲಿ ಡೆನ್ಮಾರ್ಕಿನ ಎಂಜಿನಿಯರ್ ಕೆ.ಡಬ್ಲ್ಯು. ಜೊಹಾನ್‌ಸೆನ್ ಇದರ ಲೆಕ್ಕವನ್ನು ಮುಂದಿಟ್ಟರು. ಭಾರ ಬಿದ್ದಾಗ ಬೋಲ್ಟು ತನ್ನ ರಂಧ್ರದ ಗೋಡೆಯನ್ನು ಒತ್ತುತ್ತದೆ. ಬೋಲ್ಟು ದಪ್ಪವಾಗಿದ್ದು ಮರ ತೆಳುವಾಗಿದ್ದರೆ ಬೋಲ್ಟು ನೆಟ್ಟಗೇ ಇರುತ್ತದೆ, ಮರ ನಜ್ಜುಗುಜ್ಜಾಗುತ್ತದೆ. ಬೋಲ್ಟು ಸಣ್ಣದಾಗಿದ್ದು ಮರ ದಪ್ಪವಾಗಿದ್ದರೆ ಬೋಲ್ಟೇ ಬಾಗುತ್ತದೆ. ಎರಡರಲ್ಲಿ ಯಾವುದು ಮೊದಲು ಸೋಲುತ್ತದೋ ಅದೇ ಸಂದಿನ ಬಲ. ಬಾಗುವ ಲೋಹವೇ ಒಂದು ರೀತಿಯಲ್ಲಿ ಒಳ್ಳೆಯದು. ಸಂದು ನಿಧಾನವಾಗಿ ಜಾರಿ ಎಚ್ಚರಿಕೆ ಕೊಡುತ್ತದೆ. ಸೀಳುವ ಮರ ಎಚ್ಚರಿಕೆ ಕೊಡುವುದಿಲ್ಲ.

ಸೀಳುವುದೇಕೆ? ಮರ ಎಂದರೆ ಉದ್ದುದ್ದ ನಾರುಗಳ ಕಟ್ಟು. ನಾರಿನ ಉದ್ದಕ್ಕೆ ಎಳೆದರೆ ಅದು ಬಹಳ ಬಲಶಾಲಿ. ನಾರುಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಮಾತ್ರ ಸುಲಭ. ಹಲಗೆಯ ತುದಿಗೆ ಮೊಳೆ ಹೊಡೆಯುವ ಮುನ್ನ ಬಡಗಿ ಸಣ್ಣ ತೂತು ಕೊರೆಯುವುದು, ಇಲ್ಲವೇ ಮೊಳೆಯ ಮೊನೆಯನ್ನು ಸುತ್ತಿಗೆಯಿಂದ ಮೊಂಡು ಮಾಡಿಕೊಳ್ಳುವುದು ಇದೇ ಕಾರಣಕ್ಕೆ. ಚೂಪು ಮೊನೆ ಬೆಣೆಯಂತೆ ನಾರನ್ನು ಸೀಳುತ್ತದೆ. ಮೊಂಡು ಮೊನೆ ನಾರನ್ನು ಜಜ್ಜಿಕೊಂಡು ಒಳಹೋಗುತ್ತದೆ.

ಮೊಳೆಗಳ ಸಂಖ್ಯೆ ಹೆಚ್ಚಿಸಿದರೂ ಬಲ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ನಾರಿನ ಗುಂಟ ಒಂದೇ ಸಾಲಿನಲ್ಲಿ ಹತ್ತು ಬೋಲ್ಟು ಹಾಕಿದರೆ ಹತ್ತು ಪಟ್ಟು ಭಾರ ಹೊರುವುದಿಲ್ಲ. ಎಲ್ಲವೂ ಸಮಪಾಲು ಹೊರುವುದಿಲ್ಲವಾದ್ದರಿಂದ ಬಲ ಅದಕ್ಕಿಂತ ಕಡಿಮೆ. ತೀರ ಹತ್ತಿರ ಹತ್ತಿರ ಹಾಕಿದರಂತೂ ಆ ಗುಂಪಿನ ಸುತ್ತಲಿನ ಮರ ಇಡೀ ತುಂಡಾಗಿಯೇ ಕಿತ್ತು ಬರಬಹುದು.

ಟ್ರೆಟ್ಟೆನ್‌ನಲ್ಲಿ ಆದದ್ದು ಇದೇ. ಮರದ ಪಟ್ಟಿಗಳನ್ನು ಅಂಟಿನಿಂದ ಬೆಸೆದು ಮಾಡಿದ ತೊಲೆಗಳೊಳಗೆ ಉಕ್ಕಿನ ತಗಡು ಕೂರಿಸಿ, ಉಕ್ಕಿನ ಗೂಟಗಳಿಂದ ಬಂಧಿಸಲಾಗಿತ್ತು. ಓರೆ ತೊಲೆಯೊಂದರಲ್ಲಿ ಗೂಟಗಳ ಗುಂಪಿನ ಜೊತೆಗೇ ಮರದ ತುಂಡು ಹರಿದು ಬಂದದ್ದು ಕುಸಿತದ ಮೊದಲ ಹೆಜ್ಜೆ ಎಂದು ಅಲ್ಲಿನ ತನಿಖೆ ಕಂಡುಕೊಂಡಿತು. 2016ರಲ್ಲಿ ಅದೇ ದೇಶದ ಪೆರ್ಕೊಲೊ ಸೇತುವೆ ಬಿದ್ದಾಗಲೂ ದೋಷವಿದ್ದದ್ದು ಸಂದಿನಲ್ಲೇ. ಆ ಬಳಿಕ ಟ್ರೆಟ್ಟೆನ್ ಸೇತುವೆಯನ್ನೂ ಪರಿಶೀಲಿಸಿ ಮತ್ತೆ ತೆರೆಯಲಾಗಿತ್ತು!

ಇದು ದೂರದ ದೇಶದ ಕಥೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಹೆಂಚಿನ ಮನೆಯ ಮಾಡಿಗೂ ನಿಯಮ ಅದೇ. ಮೊಳೆಗಳ ನಡುವೆ, ಮೊಳೆಗೂ ಮರದ ಅಂಚಿಗೂ ನಡುವೆ ಎಷ್ಟು ಅಂತರ ಇರಬೇಕೆಂಬುದನ್ನು ಭಾರತೀಯ ಮಾನಕವಾದ ಐಎಸ್ 2366 ಹೇಳುತ್ತದೆ. ಮಾಡು ಕಟ್ಟಿಸುವವರು ಮರದ ಜಾತಿ, ಮೊಳೆಯ ಗಾತ್ರ ಕೇಳುವುದುಂಟು. ಆ ಎರಡರ ಜೊತೆಗೆ ಮೂರನೆಯ ಪ್ರಶ್ನೆಯನ್ನೂ ಕೇಳಬೇಕು: ಮೊಳೆಯ ಸುತ್ತ ಎಷ್ಟು ಮರ ಉಳಿದಿದೆ?