ದನ ಮೇಯುತ್ತಿದ್ದ ನೆಲದಲ್ಲಿ ಎದ್ದ ನಗರ: ಅರ್ವೈನ್

ಊರುಗಳು ಸಾಮಾನ್ಯವಾಗಿ ಹೊಳೆಯ ದಡದಲ್ಲೋ ಸಂತೆಯ ಸುತ್ತಲೋ ಹುಟ್ಟಿ, ಮನೆಗೆ ಮನೆ ಸೇರಿಸಿಕೊಂಡು ಬೆಳೆಯುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲಿಸ್‌ನ ತೆಂಕಣಕ್ಕಿರುವ ಅರ್ವೈನ್ ಹಾಗೆ ಬೆಳೆದದ್ದಲ್ಲ. ಇಂದು ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ಈ ನಗರ ನಿಂತಿರುವುದು ಒಂದೇ ಮನೆತನದ ಜಮೀನಿನ ಮೇಲೆ.

ಆ ನೆಲ ಮೊದಲು ತೋಂಗ್ವಾ ಮತ್ತು ಅಹಾಚ್‌ಮೆನ್ ಜನರದು. ಮೆಕ್ಸಿಕೋ ಆಳ್ವಿಕೆಯಲ್ಲಿ ಅದನ್ನು ವಿಶಾಲವಾದ ರ‍್ಯಾಂಚ್‌ಗಳಾಗಿ ಹಂಚಲಾಯಿತು. ಅವುಗಳಲ್ಲಿ ಸ್ಯಾನ್ ಹೊಆಕಿನ್ ರ‍್ಯಾಂಚ್‌ನ ಒಡೆಯ ಹೊಸೆ ಆಂದ್ರೆಸ್ ಸೆಪುಲ್ವೆದಾ. ಅವನ ಬಳಿ ಸಾವಿರಾರು ದನಗಳಿದ್ದವು, ಕುದುರೆ ಎಂದರಂತೂ ಪ್ರಾಣ. 1852ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ‘ಬ್ಲ್ಯಾಕ್ ಸ್ವಾನ್’ ಎಂಬ ಹೆಣ್ಣುಕುದುರೆಯನ್ನು ಓಡಿಸಿ, ಹಿಂದಿನ ಗವರ್ನರ್ ಪಿಯೋ ಪೀಕೋ ಅವರ ಕುದುರೆಯನ್ನು ಸೋಲಿಸಿದ. ಪಣಕ್ಕೆ ಹಣದ ಜೊತೆ ದನಕುದುರೆಗಳ ಹಿಂಡನ್ನೇ ಒಡ್ಡಿದ್ದರು.

ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅವನ ಬದುಕು ತಲೆಕೆಳಗಾಯಿತು. ಕ್ಯಾಲಿಫೋರ್ನಿಯಾ ಅಮೆರಿಕದ ಕೈಗೆ ಬಂದ ಮೇಲೆ, ಹಳೆಯ ಒಡೆಯರು ತಮ್ಮ ಹಕ್ಕನ್ನು ಕಾಗದಪತ್ರ ಹಿಡಿದು ಸಾಬೀತುಪಡಿಸಬೇಕೆಂದು 1851ರ ಕಾನೂನು ಹೇಳಿತು. ವಕೀಲರ ಖರ್ಚು, ಅದಕ್ಕೆ ಮಾಡಿದ ಸಾಲ, ಸಾಲದ ಬಡ್ಡಿ. ಇದರ ಮೇಲೆ 1863–64ರ ಭೀಕರ ಬರ. ಮೇವಿಲ್ಲದೆ ದನಗಳು ಹಿಂಡು ಹಿಂಡಾಗಿ ಸತ್ತವು. 1864ರಲ್ಲಿ ಸೆಪುಲ್ವೆದಾ ಸುಮಾರು ಐವತ್ತು ಸಾವಿರ ಎಕರೆಯನ್ನು ಹದಿನೆಂಟು ಸಾವಿರ ಡಾಲರಿಗೆ ಮಾರಿಬಿಟ್ಟ. ಈ ನಗರದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ವ್ಯವಹಾರ ಇದೇ.

ಕೊಂಡವರು ಕುರಿ ಸಾಕಣೆಯ ಫ್ಲಿಂಟ್ ಮತ್ತು ಬಿಕ್ಸ್‌ಬಿ, ಜೊತೆಗೆ ಐರ್ಲೆಂಡಿನಿಂದ ವಲಸೆ ಬಂದು ವ್ಯಾಪಾರದಲ್ಲಿ ಗಳಿಸಿದ್ದ ಜೇಮ್ಸ್ ಅರ್ವೈನ್. 1876ರಲ್ಲಿ ಅರ್ವೈನ್ ಪಾಲುದಾರರ ಪಾಲನ್ನೂ ಕೊಂಡ. ಅವನ ಮಗ 1894ರಲ್ಲಿ ಅರ್ವೈನ್ ಕಂಪನಿಯನ್ನು ಕಟ್ಟಿ, ಹುಲ್ಲುಗಾವಲನ್ನು ಹೊಲ ಮಾಡಿದ. ಮುಖ್ಯ ಬೆಳೆ ಲೈಮಾ ಬೀನ್ಸ್, ನಮ್ಮ ತರಕಾರಿ ಅಂಗಡಿಯಲ್ಲಿ ಡಬಲ್ ಬೀನ್ಸ್ ಎಂದು ಕೊಳ್ಳುತ್ತೇವಲ್ಲ, ಅದೇ ಕಾಳು. ಬೇಸಿಗೆಯಲ್ಲಿ ಅಲ್ಲಿ ಮಳೆಯಿಲ್ಲ, ಆದರೆ ಕಡಲಿನಿಂದ ಬರುವ ಮಂಜು ನೆಲದ ತೇವ ಆರದಂತೆ ಕಾಯುತ್ತದೆ. ಹಾಗಾಗಿ ನೀರು ಹಾಯಿಸದೆಯೇ ಬೆಳೆ ಕೈಗೆ ಬರುತ್ತಿತ್ತು. ಕಾಳು ತುಂಬುತ್ತಿದ್ದ ಎತ್ತರದ ಕಾಂಕ್ರೀಟ್ ಕಣಜಗಳು ಇಂದಿಗೂ ಇವೆ. 1980ರ ದಶಕದಲ್ಲಿ ಅವುಗಳ ಒಳಗೇ ಕೊಠಡಿಗಳನ್ನು ಮಾಡಿ ಹೋಟೆಲ್ ತೆರೆದರು. ಹಳೆಯ ಕಟ್ಟಡವನ್ನು ಕೆಡವದೆ ಬಳಸಿಕೊಂಡ ಈ ಕೆಲಸ ನನಗೆ ಬಹಳ ಮೆಚ್ಚುಗೆ.

ನಗರಕ್ಕೆ ನಾಂದಿ ಹಾಡಿದ್ದು ವಿಶ್ವವಿದ್ಯಾಲಯ. ಹೊಸ ಕ್ಯಾಂಪಸ್ಸಿಗೆ ಜಾಗ ಹುಡುಕುತ್ತಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಕಂಪನಿ ಸಾವಿರ ಎಕರೆಯನ್ನು ಒಂದೇ ಒಂದು ಡಾಲರಿಗೆ ಕೊಟ್ಟಿತು. ಧಾರಾಳವೂ ಹೌದು, ದೂರದ ಲೆಕ್ಕವೂ ಹೌದು: ಕಾಲೇಜು ಬಂದರೆ ಸುತ್ತಲಿನ ನೆಲಕ್ಕೆ ಬೆಲೆ ಬರುತ್ತದೆ. ವಾಸ್ತುಶಿಲ್ಪಿ ವಿಲಿಯಂ ಪೆರೇರಾ ಕ್ಯಾಂಪಸ್ಸಿನ ನಡುವೆ ದುಂಡನೆಯ ಉದ್ಯಾನವನ್ನಿಟ್ಟು, ವಿಭಾಗಗಳನ್ನು ಅದರ ಸುತ್ತ ಬಳೆಯಂತೆ ಜೋಡಿಸಿದರು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದು ಕ್ಯಾಂಪಸ್ಸನ್ನು ಲೋಕಾರ್ಪಣೆ ಮಾಡಿದರು, ಮರುವರ್ಷ ಪಾಠ ಶುರುವಾಯಿತು. ಸುತ್ತಲ ಬಡಾವಣೆಗಳನ್ನು ಅಲ್ಲಿ ‘ವಿಲೇಜ್’ ಎನ್ನುತ್ತಾರೆ. ವುಡ್‌ಬ್ರಿಜ್ ಎಂಬುದಕ್ಕೆ ಎರಡು ಕೆರೆಗಳನ್ನೇ ತೋಡಿದರು. ಎಲ್ಲವೂ ಅಚ್ಚುಕಟ್ಟು. ಆದರೆ ನಕ್ಷೆಯೆಲ್ಲ ಒಂದೇ ಕಂಪನಿಯ ಕೈಯಲ್ಲಿದ್ದಾಗ ಮನೆಗಳೂ ಒಂದರಂತೆ ಇನ್ನೊಂದು ಕಾಣುತ್ತವೆ ಎಂಬುದನ್ನೂ ಹೇಳಲೇಬೇಕು. 1971ರ ಡಿಸೆಂಬರಿನಲ್ಲಿ ನಿವಾಸಿಗಳೇ ಮತ ಹಾಕಿ ಅರ್ವೈನನ್ನು ನಗರವಾಗಿಸಿದರು.

ಜನರ ಮತ ಇನ್ನೊಮ್ಮೆಯೂ ನೆಲದ ಗತಿಯನ್ನು ತಿರುಗಿಸಿತು. ಎರಡನೆಯ ಮಹಾಯುದ್ಧದಲ್ಲಿ ಬೀನ್ಸ್ ಹೊಲಗಳ ಮೇಲೆ ಎಲ್ ಟೋರೋ ಎಂಬ ಸೇನಾ ವಿಮಾನನೆಲೆ ಎದ್ದಿತ್ತು. 1999ರಲ್ಲಿ ಅದು ಮುಚ್ಚಿದಾಗ, ಅಲ್ಲಿ ದೊಡ್ಡ ವಿಮಾನ ನಿಲ್ದಾಣ ಕಟ್ಟಬೇಕೆಂಬ ಬೇಡಿಕೆ ಜೋರಾಗಿತ್ತು. ವರ್ಷಗಟ್ಟಲೆ ಜಗಳ ನಡೆದು, 2002ರಲ್ಲಿ ಅರ್ವೈನ್ ಇರುವ ಇಡೀ ಆರೆಂಜ್ ಕೌಂಟಿಯ ಮತದಾರರು ಉದ್ಯಾನವನ್ನೇ ಆರಿಸಿದರು. ಅದೇ ಇಂದಿನ ಗ್ರೇಟ್ ಪಾರ್ಕ್. ಅಲ್ಲಿ ಹಗ್ಗಕ್ಕೆ ಕಟ್ಟಿದ ಕಿತ್ತಳೆ ಬಣ್ಣದ ದೊಡ್ಡ ಬಲೂನೊಂದು ಜನರನ್ನು ನಾನೂರು ಅಡಿ ಎತ್ತರಕ್ಕೆ ಒಯ್ಯುತ್ತದೆ.